ಚೀಟಿ ಎತ್ತಿ ಕೊಡುವ ಮದ್ದು

(ಚಿಕ್ಕಮಗಳೂರು ಜಿಲ್ಲೆಯ ಅತ್ತಿಗುಂಡಿಯ ಒಬ್ಬ ಹಿರಿಯ ಕಾಫಿ ಬೆಳೆಗಾರರು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರ ವೈದ್ಯೆ: ಇವರಿಬ್ಬರ ನಡುವಿನ ಮಾತು.)

ಬೆಳೆಗಾರರು: ಡಾಕ್ಟ್ರೇ, ಮಂಗನ ಕಾಯಿಲೆಗೆ ಹೊಸ ಲಸಿಕೆ ತಯಾರಾಗುತ್ತಿದೆ, ಅದರ ಪರೀಕ್ಷೆ ಮನುಷ್ಯರ ಮೇಲೆ ಶುರುವಾಗಿದೆ ಅಂತ ಸುದ್ದಿ ಬಂದಿದೆ. ಕೇಳಿ ಸಂತೋಷಕ್ಕಿಂತ ಸಂಶಯವೇ ಜಾಸ್ತಿಯಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗಿನಿಂದ ಮಲೆನಾಡಿನವರ ರಕ್ತ ತೆಗೆದುಕೊಂಡು ಹೋಗಿದ್ದೇ ಹೋಗಿದ್ದು. ನಮ್ಮ ಜಿಲ್ಲೆಯಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರು ಬೇಸಿಗೆ ಬಂತೆಂದರೆ ಹೆದರುತ್ತಾರೆ. ಇಷ್ಟು ವರ್ಷವಾದರೂ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಉಣುಗು ಕಚ್ಚದ ಹಾಗೆ ನೋಡಿಕೊಳ್ಳಿ ಅನ್ನುವುದನ್ನು ಬಿಟ್ಟು ಬೇರೆ ದಾರಿ ಸಿಕ್ಕಿಲ್ಲ. ಈಗ ಮತ್ತೆ ಪರೀಕ್ಷೆಯೇ? ದೊಡ್ಡ ಆಸ್ಪತ್ರೆಗಳಿಗೆ ಬರೆಯಲು ಪ್ರಬಂಧ ಬೇಕು, ಕಂಪನಿಗಳಿಗೆ ಮಾರಲು ಲಸಿಕೆ ಬೇಕು. ಅದಕ್ಕೆ ನಮ್ಮ ಲೈನ್ ಮನೆಯ ಆಳುಗಳು ಯಾಕೆ ಪ್ರಯೋಗದ ಇಲಿಗಳಾಗಬೇಕು?

ವೈದ್ಯೆ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಗೌಡ್ರೇ. ಆದರೆ ಅದು ತಪ್ಪು ಜಾಗಕ್ಕೆ ತಗುಲುತ್ತಿದೆ. ಮಲೆನಾಡಿಗೆ ಅನ್ಯಾಯವಾದದ್ದು ಹೆಚ್ಚು ಪರೀಕ್ಷೆ ಮಾಡಿದ್ದರಿಂದ ಅಲ್ಲ, ಕಡಿಮೆ ಮಾಡಿದ್ದರಿಂದ. ಕಥೆ ನೋಡಿ. ಕಾಯಿಲೆ ಗೊತ್ತಾದ ಹೊಸದರಲ್ಲಿ, ರಷ್ಯಾದ ಕಡೆಯ ಇಂಥದೇ ಉಣುಗು ಜ್ವರದ ವೈರಸ್ಸಿನಿಂದ ಮಾಡಿದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು. ಎರಡೂ ವೈರಸ್ಸು ಒಂದೇ ಬಳಗದವು, ಹಾಗಾಗಿ ಒಂದರ ಲಸಿಕೆ ಇನ್ನೊಂದನ್ನು ತಡೆದೀತು ಎಂಬ ಲೆಕ್ಕ. ತಡೆಯಲಿಲ್ಲ. ಆಮೇಲೆ ನಮ್ಮದೇ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ಸಾಯಿಸಿ ಲಸಿಕೆ ಮಾಡಿದರು. ಅದನ್ನು 1990ರಿಂದ 92ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. ಒಂದು ಡೋಸ್ ಹಾಕಿಸಿಕೊಂಡವರಲ್ಲಿ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ ಎಂಬ ಲೆಕ್ಕ ಸಿಕ್ಕಿತು. ಅಷ್ಟನ್ನು ನಂಬಿಕೊಂಡು ಲಸಿಕೆ ಕೊಡುತ್ತಲೇ ಹೋದರು. 2005ರಿಂದ 2010ರವರೆಗಿನ ಕಾಯಿಲೆಯ ಲೆಕ್ಕ ತೆಗೆದು ಮತ್ತೆ ನೋಡಿದವರಿಗೆ ಬೇರೆಯೇ ಚಿತ್ರ ಕಂಡಿತು. ಎರಡು ಡೋಸಿಗೆ ಸಿಕ್ಕ ರಕ್ಷಣೆ ಶೇ. 62.4, ಮೇಲೊಂದು ಬೂಸ್ಟರ್ ಹಾಕಿಸಿಕೊಂಡರೆ ಶೇ. 82.9. ಒಂದೇ ಡೋಸಿನಿಂದ ಉಪಯೋಗವೇ ಕಾಣಲಿಲ್ಲ. ಇದು 2013ರಲ್ಲಿ ಪ್ರಕಟವಾಯಿತು. ಲಸಿಕೆಯ ಸಾಮರ್ಥ್ಯ ಸಾಲದೆಂದು ನಿಲ್ಲಿಸಿದ್ದು 2022ರಲ್ಲಿ. ಈ ನಡುವಿನ ವರ್ಷಗಳಲ್ಲಿ ನೋವು ತಡೆದುಕೊಂಡು ಚುಚ್ಚಿಸಿಕೊಂಡವರಿಗೆ ಉತ್ತರ ಕೊಡುವವರು ಯಾರು? ಪ್ರಯೋಗದ ಇಲಿ ಅಂದಿರಲ್ಲ, ಪ್ರಯೋಗದಲ್ಲಿ ಕೊನೆಗೊಂದು ಫಲಿತಾಂಶವಾದರೂ ಸಿಗುತ್ತದೆ. ಯಾರೂ ಲೆಕ್ಕ ಇಡದೆ ಕೊಡುವ ಮದ್ದಿನಲ್ಲಿ ಅದೂ ಇಲ್ಲ.

ಬೆಳೆಗಾರರು: ಶೇ. 93.5 ಅಂದರೆ ಡಿಸ್ಟಿಂಕ್ಷನ್ ಮಾರ್ಕು. ಅದು ಹದಿನೈದು ವರ್ಷದಲ್ಲಿ 62ಕ್ಕೆ ಇಳಿಯಿತು ಅಂದರೆ ಲಸಿಕೆ ಕೆಟ್ಟಿರಬೇಕು, ಇಲ್ಲವೇ ಮೊದಲು ಹೇಳಿದ್ದು ಸುಳ್ಳಿರಬೇಕು.

ವೈದ್ಯೆ: ಮೂರನೆಯ ಕಾರಣವೂ ಇರಬಹುದು: ಸುಳ್ಳು ಯಾರೂ ಹೇಳದಿದ್ದರೂ ಲೆಕ್ಕ ದಾರಿ ತಪ್ಪಿಸಬಹುದು. ತೊಂಬತ್ತರ ಪರೀಕ್ಷೆಯಲ್ಲಿ ಲಸಿಕೆ ಹಾಕಿಸಿಕೊಂಡವರನ್ನು ಹಾಕಿಸಿಕೊಳ್ಳದವರ ಜೊತೆ ಹೋಲಿಸಿದರು. ಆದರೆ ಯಾರು ಹಾಕಿಸಿಕೊಳ್ಳುತ್ತಾರೆ, ಯಾರು ಬಿಡುತ್ತಾರೆ? ಕ್ಯಾಂಪಿನ ದಿನ ಊರಲ್ಲಿರುವವರು, ಆರೋಗ್ಯದ ಬಗ್ಗೆ ಕಾಳಜಿ ಇರುವವರು ಬರುತ್ತಾರೆ. ಬೆಳಗಾಗುವ ಮೊದಲೇ ಸೌದೆಗೋ ದರಗಿಗೋ ಕಾಡಿಗೆ ಹೋದವರು ತಪ್ಪಿಹೋಗುತ್ತಾರೆ. ಉಣುಗು ಕಚ್ಚುವುದೂ ಅವರಿಗೇ ಹೆಚ್ಚು. ಆಗ ಎರಡು ಗುಂಪಿನ ವ್ಯತ್ಯಾಸದಲ್ಲಿ ಲಸಿಕೆಯ ಪಾಲೆಷ್ಟು, ಕಾಡಿಗೆ ಹೋಗದಿದ್ದುದರ ಪಾಲೆಷ್ಟು ಅಂತ ಬಿಡಿಸುವುದು ಹೇಗೆ? 2013ರ ಲೆಕ್ಕವೂ ಈ ತೊಡಕಿನಿಂದ ಪೂರ್ತಿ ಪಾರಾಗಿಲ್ಲ. ಶೇ. 62.4 ಅಂದರೂ ನಿಜವಾದ ಸಂಖ್ಯೆ 26ರಷ್ಟು ಕೆಳಗೋ 81ರಷ್ಟು ಮೇಲೋ ಇದ್ದೀತು ಎಂದು ಅದನ್ನು ಮಾಡಿದವರೇ ಬರೆದಿದ್ದಾರೆ. ಈ ಗೊಂದಲ ಬೆಳೆಗಾರರಿಗೆ ಹೊಸದಲ್ಲ. ಹೊಸ ಗೊಬ್ಬರವನ್ನು ತೇವ ಉಳಿಯುವ, ಮಣ್ಣು ಚೆನ್ನಾಗಿರುವ ಪಟ್ಟೆಗೆ ಮಾತ್ರ ಹಾಕಿ, ಗುಡ್ಡದ ನೆತ್ತಿಯ ಗಿಡಗಳ ಜೊತೆ ಹೋಲಿಸಿದರೆ ಗೊಬ್ಬರ ಗೆದ್ದೇ ಗೆಲ್ಲುತ್ತದೆ. ಅದಕ್ಕೇ ಯಾವ ಪಟ್ಟೆಗೆ ಏನು ಎಂಬುದನ್ನು ಮನುಷ್ಯನ ಇಷ್ಟಕ್ಕೆ ಬಿಡದೆ ಚೀಟಿ ಎತ್ತಬೇಕು ಎಂಬ ನಿಯಮ ಮಾಡಿದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ರೊನಾಲ್ಡ್ ಫಿಶರ್. ಅವರ ಪುಸ್ತಕ ಬಂದದ್ದು 1925ರಲ್ಲಿ. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿದ್ದೂ ಅದೇ ವರ್ಷ. ಹೊಲದಲ್ಲಿ ಬೇರೂರಿದ ಆ ಪದ್ಧತಿ ಆಸ್ಪತ್ರೆಯಲ್ಲಿ ನೆಲೆಯಾಗಲು ಇನ್ನೂ ಎರಡು ದಶಕ ಬೇಕಾಯಿತು. ಕ್ಲಿನಿಕಲ್ ಟ್ರಯಲ್ ಎನ್ನುವುದರ ತಿರುಳು ಇಷ್ಟೇ: ಎಲ್ಲ ರೀತಿಯಲ್ಲೂ ಒಂದೇ ಥರದ ಎರಡು ಗುಂಪು, ಯಾರು ಯಾವ ಗುಂಪಿಗೆ ಎಂಬುದಕ್ಕೆ ಚೀಟಿ, ಸಾಧ್ಯವಾದಷ್ಟು ಮಟ್ಟಿಗೆ ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಯಾವುದು ಯಾವುದೆಂದು ಗೊತ್ತಾಗದ ಏರ್ಪಾಡು, ಕೊನೆಗೆ ಲೆಕ್ಕ.

ಬೆಳೆಗಾರರು: ಗಿಡಕ್ಕೆ ನೋವಿಲ್ಲ ಡಾಕ್ಟ್ರೇ, ಮನುಷ್ಯನಿಗಿದೆ. ಕಾಯಿಲೆ ಬಿದ್ದವನು ಬಂದು ಕಾಲು ಹಿಡಿದಾಗ, ನಿಲ್ಲಪ್ಪ, ನಿನಗೆ ಮದ್ದು ಕೊಡಬೇಕೋ ಬೇಡವೋ ಚೀಟಿ ಎತ್ತಿ ಹೇಳುತ್ತೇನೆ ಅನ್ನುವ ವೈದ್ಯನಿಗೆ ಹೃದಯ ಅನ್ನುವುದು ಇದೆಯೇ? ವೈದ್ಯನಾದವನು ತನಗೆ ಒಳ್ಳೆಯದು ಅನಿಸಿದ್ದನ್ನು ಕೊಡಬೇಕು.

ವೈದ್ಯೆ: ಒಳ್ಳೆಯದು ಅನಿಸುವುದಕ್ಕೂ ಒಳ್ಳೆಯದು ಆಗಿರುವುದಕ್ಕೂ ನಡುವೆ ಎಷ್ಟು ಜನರ ಪ್ರಾಣ ಹೋಗುತ್ತದೆ ಎಂಬುದನ್ನು ನಾವೆಲ್ಲ ಕೋವಿಡ್ ಕಾಲದಲ್ಲಿ ನೋಡಿದೆವು. ಗುಣವಾದವರ ಪ್ಲಾಸ್ಮಾ ಕೊಟ್ಟರೆ ರೋಗಿ ಉಳಿಯುತ್ತಾನೆ ಎಂದು ಇಡೀ ದೇಶ ನಂಬಿತ್ತು. ಜನ ರಾತ್ರಿಯೆಲ್ಲ ಫೋನು ಹಚ್ಚಿ ಪ್ಲಾಸ್ಮಾ ಹುಡುಕಿದರು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲೇ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿಯ ಮೇಲೆ ಎರಡು ಗುಂಪು ಮಾಡಿ ಪರೀಕ್ಷಿಸಿತ್ತು. ಎಲ್ಲರಿಗೂ ಆಗ ಗೊತ್ತಿದ್ದ ಒಳ್ಳೆಯ ಚಿಕಿತ್ಸೆಯೇ, ಒಂದು ಗುಂಪಿಗೆ ಮಾತ್ರ ಅದರ ಮೇಲೆ ಪ್ಲಾಸ್ಮಾ. ಕಾಯಿಲೆ ಉಲ್ಬಣಿಸಿದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಗುಂಪಿನಲ್ಲಿ ಶೇ. 19, ಇನ್ನೊಂದರಲ್ಲಿ ಶೇ. 18. ಅಂದರೆ ಏನೂ ವ್ಯತ್ಯಾಸವಿಲ್ಲ. ಹಾಗಿದ್ದೂ ಅದು ಸರ್ಕಾರದ ಚಿಕಿತ್ಸಾ ಪಟ್ಟಿಯಿಂದ ಹೊರಬಿದ್ದದ್ದು 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ ಸಾವಿರಾರು ಕುಟುಂಬಗಳು ಅದರ ಹಿಂದೆ ಓಡಿ ಸುಸ್ತಾದ ಮೇಲೆ. ಇಲ್ಲಿ ಹೃದಯ ಇಲ್ಲದೆ ನಡೆದುಕೊಂಡವರು ಯಾರು? ಚೀಟಿ ಎತ್ತಿದವರೋ, ಚೀಟಿಯ ಮಾತು ಕೇಳದವರೋ? ಇನ್ನು ಚೀಟಿಯೇ ನ್ಯಾಯ ಎಂಬ ಸಂದರ್ಭವೂ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಬಂದಾಗ ಮದ್ದು ಎಲ್ಲರಿಗೂ ಆಗುವಷ್ಟು ಇರಲೇ ಇಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬವರು 107 ರೋಗಿಗಳನ್ನು ಮುಚ್ಚಿದ ಲಕೋಟೆಯ ಮೇಲೆ ವಿಂಗಡಿಸಿದರು. ಆರು ತಿಂಗಳಲ್ಲಿ ಮದ್ದು ಸಿಕ್ಕ 55 ಜನರಲ್ಲಿ 4 ಮಂದಿ ಸತ್ತರು, ಆಗಿನ ವಾಡಿಕೆಯಂತೆ ಬರೀ ಹಾಸಿಗೆ ವಿಶ್ರಾಂತಿಯಲ್ಲಿದ್ದ 52ರಲ್ಲಿ 14 ಮಂದಿ. 1948ರಲ್ಲಿ ಪ್ರಕಟವಾದ ಆ ಲೆಕ್ಕದ ಮುಂದೆ ವಾದ ಮಾಡಲು ಯಾರಿಗೂ ಏನೂ ಉಳಿಯಲಿಲ್ಲ. ಒಂದು ಮಾತು ನೆನಪಿರಲಿ: ಯಾವುದು ಮೇಲು ಎಂದು ನಿಜಕ್ಕೂ ಗೊತ್ತಿಲ್ಲದಾಗ ಮಾತ್ರ ಚೀಟಿ ಎತ್ತಬಹುದು. ಗೊತ್ತಿರುವ ಮದ್ದನ್ನು ತಪ್ಪಿಸಿ, ಮದ್ದಿಲ್ಲದ ಮಾತ್ರೆ ಕೊಟ್ಟು ನೋಡುವುದು ಪರೀಕ್ಷೆಯಲ್ಲ, ಅಪರಾಧ.

ಬೆಳೆಗಾರರು: ಸರಿ, ಚೀಟಿಯನ್ನು ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಚೀಟಿಗೆ ಮೊದಲು ಸಹಿ ಇದೆಯಲ್ಲ? ಒಪ್ಪಿಗೆ ಪತ್ರ. ತೋಟದ ಲೆಕ್ಕ ನನಗೆ ಗೊತ್ತು. ಸಾವ್ಕಾರರು ಹೇಳಿದ್ದಾರೆ ಅಂತ ರೈಟರ್ ಹೇಳಿದರೆ, ರೈಟರ್ ಹೇಳಿದ್ದಾರೆ ಅಂತ ಮೇಸ್ತ್ರಿ ಹೇಳಿದರೆ, ಲೈನಿನಲ್ಲಿ ಯಾರು ಬೇಡ ಅನ್ನುತ್ತಾರೆ? ಈಗ ಅಸ್ಸಾಮಿನಿಂದ ಬಂದ ಆಳುಗಳೂ ಇದ್ದಾರೆ, ಅವರಿಗೆ ಕನ್ನಡವೇ ಬಾರದು. ಹೆಬ್ಬೆಟ್ಟು ಒತ್ತಿಸಿಕೊಂಡರೆ ಒಪ್ಪಿಗೆ ಆಗುತ್ತದೆಯೇ?

ವೈದ್ಯೆ: ಆಗುವುದಿಲ್ಲ. ನಿಮ್ಮ ಎಲ್ಲ ಆಕ್ಷೇಪಗಳಲ್ಲಿ ಇದೇ ಗಟ್ಟಿಯಾದದ್ದು, ಇದಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ, ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಸಾವಿರಾರು ಹೆಣ್ಣುಮಕ್ಕಳಿಗೆ ಹಾಕಿದರು. ಖಮ್ಮಂನಲ್ಲಿ ಹಲವರು ಆಶ್ರಮ ಶಾಲೆಯ ಬುಡಕಟ್ಟು ಮಕ್ಕಳು. ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್ನರು ಒಪ್ಪಿಗೆಗೆ ಸಹಿ ಹಾಕಿದ್ದು ಬಯಲಾಯಿತು. ಏಳು ಹುಡುಗಿಯರ ಸಾವಿನ ಸುದ್ದಿ ಬಂದು 2010ರ ಏಪ್ರಿಲ್‌ನಲ್ಲಿ ಕೆಲಸ ನಿಂತಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಇದ್ದಂತಿಲ್ಲ ಎಂದು ತನಿಖೆ ಹೇಳಿತು, ಆದರೆ ಒಪ್ಪಿಗೆ ಪಡೆದ ರೀತಿಯನ್ನು 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಖಂಡಿಸಿತು. ಗಮನಿಸಿ, ಅದನ್ನು ನಡೆಸಿದವರು ಅದನ್ನು ಟ್ರಯಲ್ ಎಂದು ಕರೆದಿರಲೇ ಇಲ್ಲ, ಪ್ರದರ್ಶನ ಯೋಜನೆ ಅಂದಿದ್ದರು. ಟ್ರಯಲ್ ಅಂದಿದ್ದರೆ ಟ್ರಯಲ್ಲಿನ ಕಟ್ಟುಪಾಡೆಲ್ಲ ಮೈಮೇಲೆ ಬರುತ್ತಿತ್ತು. ಹೀಗಾಗಿ ಖಮ್ಮಂ ಪ್ರಕರಣ ಪರೀಕ್ಷೆಯ ವಿರುದ್ಧ ಇರುವ ಸಾಕ್ಷಿಯಲ್ಲ, ಪರೀಕ್ಷೆಯ ನಿಯಮದಿಂದ ನುಣುಚಿಕೊಳ್ಳುವುದರ ವಿರುದ್ಧ ಇರುವ ಸಾಕ್ಷಿ. ಈಗಿನ ಕಾನೂನು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು. ಅದರ ಪ್ರಕಾರ ಒಪ್ಪಿಗೆ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿರಬೇಕು, ಅಸ್ಸಾಮಿನವರಿಗೆ ಅವರ ಭಾಷೆಯಲ್ಲೇ. ಓದಲು ಬಾರದವರಿದ್ದರೆ ಟ್ರಯಲ್ಲಿಗೆ ಸಂಬಂಧಪಡದ ಒಬ್ಬ ಸಾಕ್ಷಿ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿರಬೇಕು. ಹೊಸ ಮದ್ದಿನ ಟ್ರಯಲ್ಲಿನಲ್ಲಿ ದುರ್ಬಲ ಸ್ಥಿತಿಯಲ್ಲಿರುವವರ ಒಪ್ಪಿಗೆಯನ್ನು ವಿಡಿಯೊ ಮಾಡಿಡಬೇಕು. ಪತ್ರದ ಒಂದು ಪ್ರತಿ ಅವರ ಕೈಗೆ ಕೊಡಬೇಕು. ಇಂದು ಒಪ್ಪಿ ನಾಳೆ ಬೇಡ ಎನ್ನಬಹುದು, ಹಾಗಂದರೆ ಮಾಮೂಲಿ ಚಿಕಿತ್ಸೆ ತಪ್ಪಿಸುವಂತಿಲ್ಲ. ಇಷ್ಟೆಲ್ಲ ಇದ್ದರೂ ತೋಟದ ಆಫೀಸಿನಲ್ಲಿ ರೈಟರ್ ಎದುರು ಪಡೆದ ಒಪ್ಪಿಗೆಗೆ ಬೆಲೆಯಿಲ್ಲ. ಆ ಮಾತುಕತೆ ಮಾಲೀಕರಿಂದ ದೂರ, ಅವರವರ ಮನೆಯಲ್ಲೇ ಆಗಬೇಕು. ಇದರಲ್ಲಿ ನಿಮ್ಮಂಥ ಬೆಳೆಗಾರರು ಮಾಡಬಹುದಾದ ದೊಡ್ಡ ಉಪಕಾರ ಅಂದರೆ ಶಿಫಾರಸು ಮಾಡದೆ ಸುಮ್ಮನಿರುವುದು.

ಬೆಳೆಗಾರರು: ಸುಮ್ಮನಿರುವುದೇನೋ ಸುಲಭ. ಆದರೆ ಕಾಯಿಲೆಯ ಕಾಲವೂ ಕೊಯ್ಲಿನ ಕಾಲವೂ ಒಂದೇ. ಡಿಸೆಂಬರಿನಿಂದ ಕಾಫಿ ಹಣ್ಣು ಬಿಡಿಸಬೇಕು, ಅರೇಬಿಕ ಮುಗಿಯುತ್ತಿದ್ದಂತೆ ರೋಬಸ್ಟಾ. ಆಗ ಒಂದು ದಿನದ ಹಾಜರಿ ಬಿಟ್ಟು ಅತ್ತಿಗುಂಡಿಯಿಂದ ಯಾವುದೋ ದೂರದ ಆಸ್ಪತ್ರೆಗೆ ರಕ್ತ ಕೊಡಲು ಯಾರು ಹೋಗುತ್ತಾರೆ? ಕಂಪನಿಯ ಖರ್ಚಿನಲ್ಲಿ ನಡೆಯುವ ಪರೀಕ್ಷೆ ಅಂದಮೇಲೆ ಕಂಪನಿಗೆ ಬೇಕಾದ ಫಲಿತಾಂಶವೇ ಬರುತ್ತದೆ ಅನ್ನುವ ಅನುಮಾನ ಬೇರೆ.

ವೈದ್ಯೆ: ಹೋಗಿಬರುವ ಖರ್ಚು, ತಪ್ಪಿದ ಕೂಲಿ ಕೊಡುವುದಕ್ಕೆ ಅವಕಾಶ ಇದೆ, ಕೊಡಲೇಬೇಕು ಎಂದು ಕೇಳುವುದು ಜನರ ಹಕ್ಕು. ಆದರೆ ಆಸೆ ಹುಟ್ಟಿಸುವಷ್ಟು ದುಡ್ಡು ಕೊಟ್ಟರೆ ಅದೂ ಒಪ್ಪಿಗೆಯನ್ನು ಕೆಡಿಸುತ್ತದೆ. ಎಷ್ಟು ಎಂಬುದನ್ನು ತೀರ್ಮಾನಿಸುವುದು ಎಥಿಕ್ಸ್ ಕಮಿಟಿ. ಅದರಲ್ಲಿ ಕನಿಷ್ಠ ಏಳು ಜನ ಇರಬೇಕು, ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸೇರದವರು, ಒಬ್ಬರು ಕಾನೂನು ಬಲ್ಲವರು, ಒಬ್ಬರು ವೈದ್ಯಕ್ಕೆ ಸಂಬಂಧವಿಲ್ಲದ ಸಾಮಾನ್ಯರು, ಒಬ್ಬರಾದರೂ ಮಹಿಳೆ. ಟ್ರಯಲ್ಲಿನಿಂದ ಹಾನಿಯಾದರೆ ಚಿಕಿತ್ಸೆಯ ವೆಚ್ಚವನ್ನೂ ಪರಿಹಾರವನ್ನೂ ಅದನ್ನು ನಡೆಸುವವರೇ ಕೊಡಬೇಕು. ಫಲಿತಾಂಶ ಮುಚ್ಚಿಡುತ್ತಾರೆ ಎಂಬ ಅನುಮಾನಕ್ಕೆ ಉತ್ತರವಾಗಿ ಹುಟ್ಟಿದ್ದು ಭಾರತದ ಟ್ರಯಲ್ ನೋಂದಣಿ ಪಟ್ಟಿ, ಸಿಟಿಆರ್‌ಐ. 2009ರ ಜೂನ್ 15ರಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಅದರಲ್ಲಿ ನೋಂದಾಯಿಸುವುದು ಕಡ್ಡಾಯ. ಏನನ್ನು ಅಳೆಯುತ್ತೇವೆ, ಎಷ್ಟು ಜನರ ಮೇಲೆ, ಎಲ್ಲಿ, ದುಡ್ಡು ಯಾರದು ಎಂಬುದನ್ನು ಮುಂಚೆಯೇ ಬರೆದಿಟ್ಟರೆ ಆಮೇಲೆ ಗೋಲು ಪೋಸ್ಟು ಸರಿಸುವುದು ಕಷ್ಟ. ಯಾರು ಬೇಕಾದರೂ ಅಂತರ್ಜಾಲದಲ್ಲಿ ನೋಡಬಹುದು. ಎಲ್ಲ ಸರಿಹೋಯಿತು ಅನ್ನುವುದಿಲ್ಲ. ಇನ್ನೂ ಒಂದು ಸೂಕ್ಷ್ಮವನ್ನು ವೈದ್ಯರೇ ರೋಗಿಗೆ ಹೇಳಬೇಕು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಟ್ರಯಲ್ ನಡೆಸುವ ವೈದ್ಯರಿಗೆ ಎರಡು ಪಾತ್ರ. ಒಂದು ಕಡೆ ಈ ರೋಗಿಯ ವೈದ್ಯ, ಇನ್ನೊಂದು ಕಡೆ ಮುಂದಿನ ರೋಗಿಗಳಿಗಾಗಿ ಲೆಕ್ಕ ಇಡುವ ಸಂಶೋಧಕ. ಟ್ರಯಲ್ಲಿನಲ್ಲಿ ನಿಮಗೆ ಯಾವ ಮದ್ದು ಅಂತ ನಿಮ್ಮ ಮುಖ ನೋಡಿ ಆರಿಸಿರುವುದಿಲ್ಲ, ಚೀಟಿ ಆರಿಸಿರುತ್ತದೆ. ಇದನ್ನು ಹೇಳದೆ ಪಡೆದ ನಂಬಿಕೆ ನಂಬಿಕೆಯಲ್ಲ.

ಬೆಳೆಗಾರರು: ಹಾಗಾದರೆ ಹೊಸ ಲಸಿಕೆಯ ವಿಷಯ ಬಿಡಿಸಿ ಹೇಳಿ. ಇದು ಹಳೆಯದರ ಹಾದಿ ಹಿಡಿಯುವುದಿಲ್ಲ ಅನ್ನುವುದಕ್ಕೆ ಏನು ಖಾತ್ರಿ?

ವೈದ್ಯೆ: ಖಾತ್ರಿ ಕೊಡುವವರನ್ನು ನಂಬಬೇಡಿ, ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಕೇಳಿ. ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ರೂಪಿಸಿರುವ ಈ ಲಸಿಕೆಯೂ ಸತ್ತ ವೈರಸ್ಸಿನದೇ, ಎರಡು ಡೋಸಿನದು. ಮೊದಲ ಹಂತದಲ್ಲಿ ಕಾಯಿಲೆ ಇಲ್ಲದ ಬೆರಳೆಣಿಕೆಯ ಸ್ವಯಂಸೇವಕರಿಗೆ ಕೊಟ್ಟು ಸುರಕ್ಷತೆ ನೋಡುತ್ತಾರೆ. ಎರಡನೆಯದರಲ್ಲಿ ನೂರಾರು ಜನ, ಎಷ್ಟು ಡೋಸು, ಎಷ್ಟು ಅಂತರ, ರಕ್ತದಲ್ಲಿ ಪ್ರತಿಕಾಯ ಎಷ್ಟು ಎಂಬ ಪ್ರಶ್ನೆ. ಕಾಯಿಲೆಯನ್ನು ನಿಜಕ್ಕೂ ತಡೆಯುತ್ತದೆಯೇ ಎಂಬುದು ಮೂರನೆಯ ಹಂತದ ಪ್ರಶ್ನೆ. ಮಂಗನ ಕಾಯಿಲೆಯ ತೊಡಕು ಇರುವುದು ಅಲ್ಲೇ. ಇಡೀ ರಾಜ್ಯದಲ್ಲಿ ವರ್ಷಕ್ಕೆ ಕೆಲವು ನೂರು ಜನಕ್ಕೆ ಬರುವ ಕಾಯಿಲೆ, ಅದೂ ಈ ವರ್ಷ ಒಂದು ಊರು, ಮುಂದಿನ ವರ್ಷ ಇನ್ನೊಂದು. ಸಾವಿರಕ್ಕೆ ಇಬ್ಬರಂತೆ ಕಾಯಿಲೆ ಬೀಳುವ ಊರು ಅಂತಲೇ ಊಹಿಸಿಕೊಳ್ಳಿ. ಐನೂರು ಜನಕ್ಕೆ ಲಸಿಕೆ, ಐನೂರಕ್ಕೆ ಇಲ್ಲ ಎಂದರೆ, ಲಸಿಕೆ ಇಲ್ಲದ ಕಡೆ ಒಬ್ಬ, ಇರುವ ಕಡೆ ಸೊನ್ನೆ ಅಂತ ಬಂದೀತು. ಅದನ್ನು ಶೇ. 100 ರಕ್ಷಣೆ ಅನ್ನಲಾದೀತೇ? ಆ ಒಬ್ಬ ಒಂದು ದಿನ ಕಾಡಿಗೆ ಹೋಗದಿದ್ದರೆ ಲೆಕ್ಕವೇ ತಲೆಕೆಳಗು. ನಂಬಬಹುದಾದ ಉತ್ತರಕ್ಕೆ ಹತ್ತಾರು ಸಾವಿರ ಜನ, ಹಲವು ಹಂಗಾಮು ಬೇಕು. ಅದು ಸಾಧ್ಯವಾಗದಿದ್ದರೆ ಪ್ರತಿಕಾಯದ ಮಟ್ಟ, ಪ್ರಾಣಿಗಳಲ್ಲಿ ಸಿಕ್ಕ ರಕ್ಷಣೆ ಇವುಗಳ ಆಧಾರದ ಮೇಲೆ ಅನುಮತಿ ಕೊಡಬೇಕಾಗಿ ಬರಬಹುದು. ಅದು ತಪ್ಪಲ್ಲ. ಆದರೆ ಹಾಗೆ ಅನುಮತಿ ಪಡೆದ ಲಸಿಕೆಯ ನಿಜವಾದ ಪರೀಕ್ಷೆ ಊರಿಗೆ ಬಂದ ಮೇಲೆ ಶುರುವಾಗುತ್ತದೆ. ಪ್ರತಿ ಬ್ಯಾಚಿನ ಸಾಮರ್ಥ್ಯ ಅಳೆಯಬೇಕು. ಜ್ವರ ಬಂದವರೆಲ್ಲರ ಲಸಿಕೆಯ ವಿವರ ದಾಖಲಾಗಬೇಕು. ಪ್ರತಿ ಹಂಗಾಮಿನ ಲೆಕ್ಕ ಜನರ ಮುಂದೆ ಬರಬೇಕು. ಹಳೆಯ ಲಸಿಕೆ ಎಡವಿದ್ದು ಇಲ್ಲೇ.

ಬೆಳೆಗಾರರು: ಅಂದರೆ ನಾನು ಬೇಡ ಅನ್ನಬೇಕಾದ್ದು ಪರೀಕ್ಷೆಗಲ್ಲ, ಅರ್ಧಕ್ಕೆ ನಿಂತ ಪರೀಕ್ಷೆಗೆ. ಒಪ್ಪುತ್ತೇನೆ. ಆದರೆ ನಾಳೆ ನಮ್ಮ ಕಡೆ ಯಾರಾದರೂ ಫಾರಂ ಹಿಡಿದುಕೊಂಡು ಬಂದರೆ, ಆ ಲೈನಿನವರು ಕೇಳಬೇಕಾದ್ದೇನು? ನಿಮ್ಮ ಲೆಕ್ಕಾಚಾರವೆಲ್ಲ ಅವರ ತಲೆಗೆ ಬೇಡ.

ವೈದ್ಯೆ: ಲೆಕ್ಕಾಚಾರ ಬೇಡ, ಆರು ಪ್ರಶ್ನೆ ಸಾಕು. ಇದು ಟ್ರಯಲ್ಲೋ ಮಾಮೂಲಿ ಚಿಕಿತ್ಸೆಯೋ, ಟ್ರಯಲ್ ಆದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಏನು? ಚೀಟಿಯಲ್ಲಿ ಇನ್ನೊಂದು ಗುಂಪು ಬಂದರೆ ನನಗೆ ಸಿಗುವುದೇನು? ಬೇಡ ಅಂದರೆ ನನ್ನ ಚಿಕಿತ್ಸೆ, ನನ್ನ ಕೆಲಸ ಎರಡೂ ಹಾಗೇ ಇರುತ್ತವೆಯೇ? ತೊಂದರೆಯಾದರೆ ರಾತ್ರಿ ಹೊತ್ತಿನಲ್ಲೂ ಯಾರಿಗೆ ಫೋನು ಮಾಡಬೇಕು, ಖರ್ಚು ಯಾರದು? ನನ್ನ ಕೂಲಿ ತಪ್ಪಿದ್ದಕ್ಕೆ, ಬಸ್ಸಿಗೆ ಏನು ಕೊಡುತ್ತೀರಿ? ಕೊನೆಯದಾಗಿ, ಫಲಿತಾಂಶ ಬಂದ ಮೇಲೆ ಅದನ್ನು ನಮ್ಮೂರಿಗೆ ಬಂದು ಹೇಳುತ್ತೀರಾ, ಲಸಿಕೆ ಒಳ್ಳೆಯದೆಂದಾದರೆ ಮೊದಲು ಯಾರಿಗೆ ಕೊಡುತ್ತೀರಿ? ನೇರ ಉತ್ತರ ಸಿಕ್ಕಿದರೆ, ಮನಸ್ಸಿದ್ದರೆ ಸೇರಲಿ. ಅವರು ಸೇರಿದ್ದರಿಂದಲೇ ಮುಂದಿನವರ ಪ್ರಾಣ ಉಳಿದೀತು. ಆರರಲ್ಲಿ ಒಂದಕ್ಕೆ ಉತ್ತರ ಸಿಗದಿದ್ದರೂ ಸಹಿ ಹಾಕುವುದು ಬೇಡ.